ಬೆಂಗಳೂರು ಬಿಟ್ಟು ಮುಂಬೈಗೆ ಹೋಗೋದಾ ಅಕ್ಕಾ?

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾವು 13 ವರ್ಷದಿಂದ ಬೆಂಗಳೂರಿನ ವಿಜಯನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನಮ್ಮ ಯಜಮಾನರ ಆಫೀಸು ಬೆಳ್ಳಂದೂರು ಕಡೆ. ಬೆಳಗ್ಗೆ 7.30ಕ್ಕೆ ಹೊರಟರೆ ಮನೆ ಸೇರೋದು ರಾತ್ರಿ 8.30. ಈಗ ಕಂಪನಿಯವರು ಅವರನ್ನು ಮುಂಬೈಗೆ ಕರೆದಿದ್ದಾರೆ. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ ಆಫೀಸು. ಜನವರಿಗೆ ಸೇರಬೇಕು. ಕೈಗೆ ಬರುವ ಸಂಬಳ ತಿಂಗಳಿಗೆ 34 ಸಾವಿರ ಜಾಸ್ತಿಯಾಗುತ್ತೆ. ಇಲ್ಲಿ ನಮ್ಮ ಬಾಡಿಗೆ 24 ಸಾವಿರ. ಮುಲುಂಡ್‌ನಲ್ಲಿ ಎರಡು ಬೆಡ್‌ರೂಮಿನ ಮನೆಗೆ 48 ಸಾವಿರ ಹೇಳಿದ್ದಾರೆ. ಮಗಳು 7ನೇ ಕ್ಲಾಸು. ಅತ್ತೆಗೆ 71 ವರ್ಷ, ಮಂಡಿನೋವು. ಮಂಡ್ಯ ಕಡೆಯವರು, ಕನ್ನಡ ಬಿಟ್ಟು ಬೇರೆ ಭಾಷೆ ಬರಲ್ಲ. ನಾನು ಮನೆಯಲ್ಲೇ ಟ್ಯೂಷನ್ ಮಾಡ್ತೀನಿ, ತಿಂಗಳಿಗೆ 14 ಸಾವಿರ ಬರುತ್ತೆ. ನಮ್ಮ ಯಜಮಾನರು 'ಅಲ್ಲಿ ರೈಲಿದೆ, ಈ ಟ್ರಾಫಿಕ್ ಕಾಟ ತಪ್ಪುತ್ತೆ' ಅಂತಾರೆ. ನಮ್ಮ ತಂದೆ 'ಬೆಂಗಳೂರಿನ ಹವಾ ಬಿಟ್ಟು ಆ ಸೆಕೆಗೆ ಯಾಕೆ ಹೋಗ್ತೀರಿ' ಅಂತಾರೆ. ನೀವು ಮುಂಬೈನಲ್ಲಿ ಬಹಳ ವರ್ಷ ಇದ್ದವರು. ಯಾವ ಊರು ವಾಸಿ, ಹೇಳಿ ಅಕ್ಕಾ.
– ಹೆಸರು ಬೇಡ, ವಿಜಯನಗರ

ಉತ್ತರ: ತಂಗಿ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಯಜಮಾನರ ಆಫೀಸು ಇದೆ, ಮಗಳ ಕ್ಲಾಸು ಇದೆ, ಅತ್ತೆಯ ಮಂಡಿನೋವು ಇದೆ, ತಂದೆಯ ಮಾತೂ ಇದೆ. ನಿಮ್ಮ ಬಗ್ಗೆ ಮಾತ್ರ ಒಂದೇ ಸಾಲು. ಆ ಸಾಲಿನಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ನಿಮ್ಮ ಮನೆಯ ಲೆಕ್ಕ ತಪ್ಪಿರೋದು ಅಲ್ಲೇ.

ಸಂಬಳ 34 ಸಾವಿರ ಜಾಸ್ತಿ. ಬಾಡಿಗೆ 24 ಸಾವಿರ ಜಾಸ್ತಿ. ಉಳಿಯೋದು 10 ಸಾವಿರ ಅಂತ ನೀವೆಲ್ಲ ಅಂದುಕೊಂಡಿರಬೇಕು. ಆದರೆ ಊರು ಬಿಟ್ಟ ದಿನವೇ ನಿಮ್ಮ 14 ಸಾವಿರ ನಿಲ್ಲುತ್ತದೆ. ಅಲ್ಲಿಗೆ ತಿಂಗಳಿಗೆ 4 ಸಾವಿರ ಕೈಯಿಂದಲೇ ಹೋಯಿತು. ಇದರ ಮೇಲೆ ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಸಾಮಾನು ಸಾಗಿಸೋ ಲಾರಿ, ಮಗಳ ಹೊಸ ಶಾಲೆಯ ಫೀಸು, ಹಬ್ಬಕ್ಕೆ ಮದುವೆಗೆ ಊರಿಗೆ ಬಂದು ಹೋಗೋ ಖರ್ಚು. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಹೆಚ್ಚುಕಡಿಮೆ ಪೂರ್ತಿ ಒಂದು ದಿನದ ಪ್ರಯಾಣ. ವಯಸ್ಸಾದವರನ್ನು ಕರೆದುಕೊಂಡು ನಾಲ್ಕು ಜನ ಬರಬೇಕು ಅಂದ್ರೆ ಸುಮ್ನೆ ಆಗೋ ಮಾತಲ್ಲ. ಹಾಗಾಗಿ ಮೊದಲ ವರ್ಷ ದುಡ್ಡು ಉಳಿಯುತ್ತೆ ಅನ್ನೋ ಲೆಕ್ಕ ಬಿಡಿ. ಹೋಗೋದಾದರೆ ಬೇರೆ ಕಾರಣಕ್ಕೆ ಹೋಗಬೇಕು.

ಬೇರೆ ಕಾರಣ ನಿಮ್ಮಲ್ಲಿದೆ. ನಿಮ್ಮ ಯಜಮಾನರು ದಿನಕ್ಕೆ 13 ಗಂಟೆ ಮನೆಯಿಂದ ಹೊರಗಿರ್ತಾರೆ. ಮಗಳು ಎದ್ದು ಹಲ್ಲುಜ್ಜೋ ಹೊತ್ತಿಗೆ ಅಪ್ಪ ಹೊರಟಾಗಿರುತ್ತೆ. ಸಿಲ್ಕ್ ಬೋರ್ಡ್ ದಾಟಿ ಬೆಳ್ಳಂದೂರಿಗೆ ಹೋಗೋರ ಪಾಡನ್ನು ನಾನೂ ನೋಡ್ತಿದ್ದೀನಿ, ಈಗ ನಾನಿರೋದೂ ಬೆಂಗಳೂರಿನಲ್ಲೇ ಅಲ್ವಾ. ವಿಜಯನಗರದಲ್ಲಿ ಮನೆ ಹತ್ತಿರವೇ ಮೆಟ್ರೊ ಇದೆ, ಆದರೆ ಆ ನೇರಳೆ ಮಾರ್ಗ ಅವರನ್ನು ಬೆಳ್ಳಂದೂರಿಗೆ ಮುಟ್ಟಿಸೋದಿಲ್ಲ.

ಮುಲುಂಡ್‌ನಿಂದ ಕುರ್ಲಾಕ್ಕೆ ಸ್ಲೋ ಲೋಕಲ್‌ನಲ್ಲಿ ನಾಹೂರ್, ಭಾಂಡುಪ್, ಕಾಂಜೂರ್‌ಮಾರ್ಗ್, ವಿಕ್ರೋಲಿ, ಘಾಟ್ಕೋಪರ್, ವಿದ್ಯಾವಿಹಾರ್, ಆಮೇಲೆ ಕುರ್ಲಾ. ಅರ್ಧ ಗಂಟೆಯೊಳಗೆ ಮುಗಿಯುತ್ತೆ. ಇವತ್ತೂ ಅಷ್ಟೇ, ನಾಳೆಯೂ ಹೆಚ್ಚುಕಡಿಮೆ ಅಷ್ಟೇ. ಲೋಕಲ್‌ನ ದೊಡ್ಡ ಗುಣ ಅದು. ಎಷ್ಟು ಹೊತ್ತಿಗೆ ಮನೆಗೆ ಬರ್ತೀನಿ ಅಂತ ಬೆಳಗ್ಗೆಯೇ ಹೇಳಿ ಹೋಗಬಹುದು. ಆದರೆ ಕುರ್ಲಾದಲ್ಲಿ ಇಳಿದ ಮೇಲೆ ಕಾಂಪ್ಲೆಕ್ಸ್‌ವರೆಗಿನ ದಾರಿ ಚಿಕ್ಕದಾದರೂ ಕಷ್ಟದ್ದು. ಪಶ್ಚಿಮದ ಕಡೆ ಹೊರಗೆ ಬಂದರೆ ಶೇರ್ ಆಟೊಗೆ, ಬಸ್ಸಿಗೆ ಕ್ಯೂ. ಮಳೆಗಾಲದಲ್ಲಿ ಅಲ್ಲೇ ಅರ್ಧ ಗಂಟೆ ಹೋಗಬಹುದು. 'ರೈಲಿದೆ' ಅನ್ನೋ ಮಾತಿಗೆ ಇದನ್ನೂ ಸೇರಿಸಿಕೊಳ್ಳಲು ಹೇಳಿ.

ಇನ್ನೊಂದು ಮಾತು, ಇದನ್ನು ಅವರಿಗೇ ಓದಿ ಹೇಳಿ. ಬಾಗಿಲಲ್ಲಿ ನಿಂತು ಹೋಗೋದು ಬೇಡ. 2025ರ ಜೂನ್ 9ರಂದು ಮುಂಬ್ರಾ ಹತ್ತಿರ ಬಾಗಿಲಲ್ಲಿ ನೇತಾಡಿಕೊಂಡು ಹೋಗುತ್ತಿದ್ದವರು ಹಳಿ ಮೇಲೆ ಬಿದ್ದು ಸತ್ತರು. ಮುಲುಂಡ್ ಇರೋದೂ ಅದೇ ಸೆಂಟ್ರಲ್ ಲೈನಿನಲ್ಲಿ. ತುಂಬಿದ ಗಾಡಿ ಬಂದರೆ ಬಿಟ್ಟುಬಿಡಲಿ, ಹಿಂದೆಯೇ ಇನ್ನೊಂದು ಬರುತ್ತೆ. ಎಸಿ ಲೋಕಲ್ ಸಿಕ್ಕರೆ ಇನ್ನೂ ಒಳ್ಳೆಯದು, ಅದರ ಬಾಗಿಲು ಮುಚ್ಚಿಕೊಳ್ಳುತ್ತೆ. ಫಸ್ಟ್ ಕ್ಲಾಸ್ ಪಾಸ್ ದುಬಾರಿ ಅಂತ ಯೋಚನೆ ಮಾಡಬೇಡಿ. 48 ಸಾವಿರ ಬಾಡಿಗೆ ಕೊಡೋರು ಅಷ್ಟು ಕೊಡಬೇಕು.

ಈಗ ನಿಮ್ಮ ಅತ್ತೆಯ ವಿಷಯ. ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೇಳ್ತೀನಿ.

ನಾನು ಮದುವೆಯಾಗಿ ಧಾರವಾಡದಿಂದ ಹೋಗಿದ್ದು 1996ರ ಕೊನೆಗೆ. ಮೊದಲ ಮನೆ ಕುರ್ಲಾದಲ್ಲಿ, ನೆಲಮಹಡಿ. ನೋಡಿದ್ದು ಡಿಸೆಂಬರ್‌ನಲ್ಲಿ. ಒಣಗಿದ ಅಂಗಳ, ಒಳ್ಳೆ ಗಾಳಿ. ಜುಲೈನಲ್ಲಿ ಚರಂಡಿ ನೀರು ಬಾತ್‌ರೂಮಿನಿಂದ ಒಳಗೆ ಬಂತು. ಅಕ್ಕಿ ಡಬ್ಬ ಮಂಚದ ಮೇಲೆ, ನಾವೂ ಮಂಚದ ಮೇಲೆ. ಮನೆ ತೋರಿಸಿದ ಬ್ರೋಕರ್ ಮಳೆಗಾಲದ ಮಾತೇ ಎತ್ತಿರಲಿಲ್ಲ, ನಮಗೂ ಕೇಳಬೇಕು ಅಂತ ಹೊಳೆದಿರಲಿಲ್ಲ. ಹೆದರಿ ಡೊಂಬಿವಲಿಯಲ್ಲಿ ಮೂರನೇ ಮಹಡಿಗೆ ಹೋದೆವು. ಹಳೇ ಕಟ್ಟಡ, ಲಿಫ್ಟ್ ಇಲ್ಲ, 54 ಮೆಟ್ಟಿಲು.

ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆ ಬಂದರು. ಧಾರವಾಡದಲ್ಲಿ ಅವರದು ಕಟ್ಟೆ ಮೇಲಿನ ಜೀವನ. ಮಧ್ಯಾಹ್ನ ಊಟವಾದ ಮೇಲೆ ಕಟ್ಟೆಗೆ ಬಂದು ಕೂತರೆ ದೀಪ ಹಚ್ಚೋವರೆಗೂ ಹೋಗೋರು ಬರೋರು ಎಲ್ಲರೂ ಮಾತಾಡಿಸಬೇಕು. ಡೊಂಬಿವಲಿಯಲ್ಲಿ ಕಿಟಕಿಯ ಗ್ರಿಲ್ ಹತ್ತಿರ ಒಂದು ಮಣೆ ಹಾಕಿಕೊಂಡು ಕೂತರು. ಕೆಳಗೆ ತರಕಾರಿ ಗಾಡಿ ಬರ್ತಿತ್ತು. ಒಂದು ಬಟ್ಟೆ ಚೀಲಕ್ಕೆ ಉದ್ದ ಹಗ್ಗ ಕಟ್ಟಿ, ಒಳಗೆ ದುಡ್ಡಿಟ್ಟು ಕೆಳಗೆ ಬಿಡೋರು. ಗಾಡಿಯವಳು ಬೆಂಡೆಕಾಯಿ ಹಾಕಿ, ಚಿಲ್ಲರೆ ಹಾಕಿ, ಮೇಲೊಂದು ಹಿಡಿ ಕೊತ್ತಂಬರಿ ಇಟ್ಟು 'ಓಢಾ ಆಜಿ' ಅಂತ ಕೂಗೋಳು. ಎಳೀರಿ ಅಜ್ಜಿ ಅಂತ. ಆ ಚೀಲ ಮೇಲೆ ಬರೋ ಹೊತ್ತಿಗೆ ನಮ್ಮ ಅತ್ತೆಯ ಮುಖದಲ್ಲಿ ಒಂದು ಗೆಲುವು ಇರ್ತಿತ್ತು. ದಿನದಲ್ಲಿ ಹೊರಗಿನವರೊಬ್ಬರು ಅವರನ್ನು ಮಾತಾಡಿಸಿದ್ದು ಅದೊಂದೇ ಸಲ. ಕೆಲವು ದಿನ ಮನೆಯಲ್ಲಿ ತರಕಾರಿ ಇದ್ದರೂ ಒಂದು ನಿಂಬೆಹಣ್ಣಿಗೆ ಚೀಲ ಬಿಡೋರು.

ಮೂರು ವರ್ಷ ಅವರು ಆ ಮನೆಯಲ್ಲಿದ್ದರು. ಅಷ್ಟರಲ್ಲಿ ಕೆಳಗೆ ಇಳಿದಿದ್ದು 11 ಸಲ, ಅದರಲ್ಲಿ 9 ಸಲ ಆಸ್ಪತ್ರೆಗೆ. ಇದನ್ನು ನಾನು ಆಗ ಎಣಿಸಿರಲಿಲ್ಲ. ಅವರು ಹೋದ ಮೇಲೆ ಆಸ್ಪತ್ರೆಯ ಫೈಲು ತೆಗೆದು ನೋಡಿದಾಗ ಎಣಿಸಿದೆ. ಅವರು ಒಂದು ದಿನವೂ ದೂರಲಿಲ್ಲ. ಅದಕ್ಕೇ ನನಗೆ ಗೊತ್ತಾಗಲಿಲ್ಲ.

ಹಾಗಾಗಿ ನಾನು ಯಾರಿಗೇ ಆದರೂ ಮೊದಲು ಕೇಳೋದು ಇದನ್ನೇ. ಮನೆಯಲ್ಲಿರೋ ಪ್ರತಿಯೊಬ್ಬರ ದಿನ ಹೊಸ ಊರಿನಲ್ಲಿ ಹೇಗೆ ಕಳೆಯುತ್ತೆ? ಬೆಳಗ್ಗೆ 10 ಗಂಟೆಗೆ ಅತ್ತೆ ಎಲ್ಲಿ ಕೂತಿರ್ತಾರೆ, ಸಂಜೆ 5ಕ್ಕೆ ಯಾರ ಜೊತೆ ಮಾತಾಡ್ತಾರೆ? ಊರು ಊರನ್ನು ತಕ್ಕಡಿಯಲ್ಲಿಟ್ಟರೆ ಇದು ಗೊತ್ತಾಗೋದಿಲ್ಲ. ವಿಜಯನಗರದಲ್ಲಿ ನಿಮ್ಮ ಅತ್ತೆ ಈಗ ಏನು ಮಾಡ್ತಾರೆ ಅಂತ ಒಂದು ವಾರ ಸುಮ್ನೆ ಗಮನಿಸಿ. ದೇವಸ್ಥಾನಕ್ಕೆ ಹೋಗ್ತಾರಾ, ಪಾರ್ಕಿನಲ್ಲಿ ಜೊತೆಯವರು ಇದ್ದಾರಾ, ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡ್ತಾರಾ. ಅದರಲ್ಲಿ ಅರ್ಧವಾದರೂ ಅಲ್ಲಿ ಸಿಗೋ ಹಾಗೆ ಮನೆ ಹುಡುಕಬೇಕು.

ಕನ್ನಡದ ವಿಷಯಕ್ಕೆ ಹೆದರಬೇಡಿ. ಮುಂಬೈ ಕನ್ನಡಕ್ಕೆ ಹೊಸ ಊರಲ್ಲ. ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಷನ್ 1926ರಿಂದ ಇದೆ. ಕರ್ನಾಟಕ ಸಂಘ 1933ರದು. ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗ ಇದೆ. ಹೋಟೆಲಿನಲ್ಲಿ ಕೆಲಸ ಮಾಡಿಕೊಂಡೇ ರಾತ್ರಿ ಶಾಲೆಯಲ್ಲಿ ಕನ್ನಡ ಓದಿ ಮೇಲೆ ಬಂದವರ ಊರು ಅದು. ಮಾಟುಂಗಾ ಸ್ಟೇಷನ್ ಎದುರು 1942ರಲ್ಲಿ ಶುರುವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ಒಂದು ಭಾನುವಾರ ಅತ್ತೆಯನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬಾಳೆಲೆ ಊಟ ಮಾಡಿಸಿ, ಹೂವಿನ ಅಂಗಡಿ ಸಾಲಿನಲ್ಲಿ ಒಂದು ಮೊಳ ಮಲ್ಲಿಗೆ ಕೊಡಿಸಿ, ಕಾಫಿಪುಡಿ ತೆಗೆದುಕೊಂಡು ಬನ್ನಿ. ಆದರೆ ಮಾಟುಂಗಾ ಇರೋದು ಮಾಟುಂಗಾದಲ್ಲಿ. ದಿನಾ ಮುಲುಂಡ್‌ನಿಂದ ಅಲ್ಲಿಗೆ ಹೋಗೋಕೆ ಆಗಲ್ಲ. ಅಲ್ಲೇ ಮನೆ ಮಾಡೋಣ ಅಂದರೆ ಬಾಡಿಗೆ ಜಾಸ್ತಿ, ಹಳೇ ಕಟ್ಟಡ ಎಷ್ಟೋ ಕಡೆ ಲಿಫ್ಟ್ ಇಲ್ಲ. ಆಫೀಸಿಗೆ ಎಷ್ಟೇ ಹತ್ತಿರವಾದರೂ ಆ ಮೆಟ್ಟಿಲಿಗೆ ನಿಮ್ಮ ಅತ್ತೆಯನ್ನು ಕಳಿಸಬೇಡಿ.

ಮುಲುಂಡ್ ನೋಡುವಾಗ ನೇರುಳನ್ನೂ ನೋಡಿ ಬನ್ನಿ. ನವಿ ಮುಂಬೈ, ಹಾರ್ಬರ್ ಲೈನು, ವಾಶಿ-ಚೆಂಬೂರ್ ಮೇಲೆ ಅದೂ ಕುರ್ಲಾಕ್ಕೇ ಬರುತ್ತೆ. ರೈಲಿನಲ್ಲಿ ಸ್ವಲ್ಪ ಹೊತ್ತು ಜಾಸ್ತಿ. ಆದರೆ ಅದು ಯೋಜನೆ ಹಾಕಿ ಕಟ್ಟಿದ ಊರು. ರಸ್ತೆ ಅಗಲ, ಫುಟ್‌ಪಾತ್ ಮೇಲೆ ವಯಸ್ಸಾದವರು ನಡೆಯಬಹುದು, ಮೊರ್ಬೆ ಅಂತ ಅವರದೇ ಅಣೆಕಟ್ಟಿನ ನೀರು. ಕನ್ನಡದವರೂ ಚೆನ್ನಾಗಿ ಇದ್ದಾರೆ. ಮಂಡಿನೋವಿನವರು ಇರೋ ಮನೆಗೆ ನನ್ನ ಮನಸ್ಸು ನೇರುಳ್ ಕಡೆಗೇ ವಾಲುತ್ತೆ.

ಮನೆ ನೋಡೋ ದಿನ ಲಿಫ್ಟ್ ಇದೆಯಾ ಅಂತ ಕೇಳಿ ಸುಮ್ಮನಾಗಬೇಡಿ. ಕರೆಂಟು ಹೋದಾಗ ಓಡುತ್ತಾ, ಲಿಫ್ಟ್‌ವರೆಗೆ ಎಷ್ಟು ಮೆಟ್ಟಿಲು ಹತ್ತಬೇಕು, ಅದನ್ನೂ ನೋಡಿ. ಎರಡನೆಯದು, ಮಳೆ. ನೀವು ಹೋಗೋದು ಚಳಿಗಾಲದಲ್ಲಿ, ಆಗ ಎಲ್ಲ ಮನೆಯೂ ಚೆಂದ ಕಾಣುತ್ತೆ. ಕಟ್ಟಡದ ಕೆಳಗಿನ ಕಿರಾಣಿ ಅಂಗಡಿಗೆ ಹೋಗಿ. ಫ್ರಿಜ್ಜನ್ನು ಇಟ್ಟಿಗೆ ಮೇಲೆ ಎತ್ತಿ ಇಟ್ಟಿದ್ದಾರಾ ನೋಡಿ. ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಕಂದು ಗೆರೆ ಇದ್ದರೆ ಆ ಬೀದಿಯೇ ಬೇಡ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿತ್ತು. ನಮ್ಮ ಬೆಂಗಳೂರಿಗೆ ವರ್ಷವಿಡೀ ಬರೋ ಮಳೆ ಅಲ್ಲಿ ಒಂದು ದಿನದಲ್ಲಿ ಬಂತು ಅಂದುಕೊಳ್ಳಿ. ಆ ದಿನ ನಮ್ಮ ಯಜಮಾನರು ಹಳಿ ಮೇಲೆ ನಡೆದುಕೊಂಡು ಹೊರಟವರು ಮನೆ ಸೇರಿದ್ದು ಮರುದಿನ ಮಧ್ಯಾಹ್ನ.

ನಿಮ್ಮ ತಂದೆ ಹವಾದ ಬಗ್ಗೆ ಹೇಳಿದ್ದು ನೂರಕ್ಕೆ ನೂರು ನಿಜ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ, ಆ ತಂಪು ಮುಂಬೈಗೆ ಎಲ್ಲಿಂದ ಬರಬೇಕು. ಸೆಕೆ, ಬೆವರು, ಜುಲೈನಲ್ಲಿ ನಾಲ್ಕು ದಿನವಾದರೂ ಒಣಗದ ಬಟ್ಟೆ. ನೀರಿನ ವಿಷಯ ಮಾತ್ರ ಬೇರೆ. ಬೆಂಗಳೂರಿನ ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪಂಪ್ ಮಾಡಿ ತರಬೇಕು. ಮುಂಬೈಗೆ ಭಾತ್ಸಾ, ವೈತರಣಾ, ತಾನ್ಸಾ ಹೀಗೆ ಏಳು ಕೆರೆ-ಅಣೆಕಟ್ಟುಗಳ ನೀರು ಬಹುಪಾಲು ಇಳಿಜಾರಿನಲ್ಲೇ ಹರಿದು ಬರುತ್ತೆ. ನಲ್ಲಿಯಲ್ಲಿ ಹೊತ್ತಿಗೆ ಸರಿಯಾಗಿ ಬರುತ್ತೆ, ನಿಮ್ಮ ಸೊಸೈಟಿಯಲ್ಲಿ ಎಷ್ಟು ಗಂಟೆಗೆ ಅಂತ ಕೇಳಿಕೊಳ್ಳಿ. ರಾಗಿ ಹಿಟ್ಟಿನ ಚಿಂತೆಯೂ ಬೇಡ. ಅಲ್ಲಿ ಅದಕ್ಕೆ ನಾಚಣಿ ಅಂತಾರೆ. ಮುದ್ದೆಗೆ ಸ್ವಲ್ಪ ನುಣ್ಣಗೆ ಬೀಸಿಸಿಕೊಳ್ಳಿ.

ಮಗಳಿಗೆ ಇದೇ ಸರಿಯಾದ ಹೊತ್ತು. ಇನ್ನೆರಡು ವರ್ಷ ತಡವಾದರೆ 9, 10ನೇ ಕ್ಲಾಸಿನಲ್ಲಿ ಮಗು ಒದ್ದಾಡುತ್ತೆ. 2020ರ ಕಾನೂನಿನ ಪ್ರಕಾರ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಲಿಸಲೇಬೇಕು. ಹೊರಗಿನಿಂದ ಬಂದ ಮಗುವಿಗೆ ಪರೀಕ್ಷೆ ಹೇಗೆ ಅಂತ ಅಡ್ಮಿಷನ್ ದಿನವೇ ಕೇಳಿ. ಹಿಂದಿ ಓದಲು ಬಂದರೆ ಲಿಪಿ ಅದೇ. ಭಾಷೆಯೂ ದೂರದ್ದಲ್ಲ, ತುಪ್ಪಕ್ಕೆ ತೂಪ್ ಅಂತಾರೆ, ಅಕ್ಕನಿಗೆ ಅಕ್ಕಾ ಅನ್ನೋ ಮನೆಗಳೂ ಇವೆ. ಕನ್ನಡ ಓದು-ಬರಹ ಮರೆಯದ ಹಾಗೆ ನೋಡಿಕೊಳ್ಳೋದು ನಿಮ್ಮ ಕೈಯಲ್ಲಿದೆ. ದಿನಾ ರಾತ್ರಿ ಅಜ್ಜಿಗೆ ಕನ್ನಡ ಪೇಪರಿನ ಒಂದು ಪುಟ ಓದಿ ಹೇಳೋ ಕೆಲಸ ಅವಳಿಗೆ ಕೊಡಿ. ಇಬ್ಬರಿಗೂ ಒಳ್ಳೆಯದು.

ನನ್ನ ಮಾತು ಇದು. ಜನವರಿಯಲ್ಲಿ ಯಜಮಾನರು ಒಬ್ಬರೇ ಹೋಗಲಿ, ಚೆಂಬೂರ್ ಕಡೆ ಯಾವುದಾದರೂ ಪಿಜಿಯಲ್ಲಿರಲಿ. ಮಗಳು 7ನೇ ಕ್ಲಾಸು ಇಲ್ಲೇ ಮುಗಿಸಲಿ. ನಡುವೆ ಒಂದು ವಾರ ನೀವು ಮತ್ತು ಅತ್ತೆ ಹೋಗಿ ಬನ್ನಿ. ಸೋಮವಾರ ಬೆಳಗ್ಗೆ 8.30ರ ಲೋಕಲ್ ನೀವೂ ಹತ್ತಿ, ಲೇಡೀಸ್ ಡಬ್ಬಿಯಲ್ಲಿ. ಮನೆಗಳನ್ನು ಅತ್ತೆಯ ಕಾಲಿನಲ್ಲೇ ನೋಡಿ, ಅವರು ಎಲ್ಲಿ 'ಇಲ್ಲಿ ಕೂತ್ಕೋಬಹುದು' ಅಂತಾರೋ ಅದೇ ಮನೆ. ಅವರು ಒಂದು ಮನೆಗೂ ಹಾಗೆ ಅನ್ನದಿದ್ದರೆ ಇನ್ನೊಂದು ಸುತ್ತು ಹುಡುಕಿ. ಆಗಲೂ ಆಗದಿದ್ದರೆ ಹೋಗಬೇಡಿ, ಬೆಳ್ಳಂದೂರಿನ ಹತ್ತಿರವೇ ಲಿಫ್ಟ್ ಇರೋ ಮನೆ ನೋಡಿ. ಆ ದಾರಿಯನ್ನು ನಿಮ್ಮ ಮನೆಯಲ್ಲಿ ಯಾರೂ ಯೋಚಿಸಿದ ಹಾಗೆ ಕಾಣಲಿಲ್ಲ.

ಅಗ್ರಿಮೆಂಟನ್ನು ರಿಜಿಸ್ಟರ್ ಮಾಡಿಸಲೇಬೇಕು, ಅದು ಅಲ್ಲಿನ ಕಾನೂನು. ಮನೆ ಅಳತೆ ಹೇಳುವಾಗ ಕಾರ್ಪೆಟ್, ಅಂದ್ರೆ ಮನೆಯೊಳಗೆ ನಿಜವಾಗಿ ಬಳಸೋಕೆ ಸಿಗೋ ಜಾಗ, ಎಷ್ಟು ಅಂತ ಮಾತ್ರ ಕೇಳಿ. ಗಾಡಿ ಒಯ್ದರೆ 12 ತಿಂಗಳೊಳಗೆ ಅಲ್ಲಿನ ನಂಬರ್ ಮಾಡಿಸಬೇಕು, ಇಲ್ಲಿನ ಆರ್‌ಟಿಒದಿಂದ ಎನ್‌ಒಸಿ ಮೊದಲೇ ತೆಗೆದುಕೊಳ್ಳಿ.

ಮತ್ತೆ ನಿಮ್ಮ ಟ್ಯೂಷನ್. ಬಿಡಬೇಡಿ. ಈಗಿನ ಮಕ್ಕಳಲ್ಲಿ ನಾಲ್ಕೈದು ಜನ ಆನ್‌ಲೈನಿನಲ್ಲಿ ಮುಂದುವರಿಯುತ್ತಾರಾ ಅಂತ ಹೊರಡೋ ಮುಂಚೆಯೇ ಅವರ ಅಮ್ಮಂದಿರನ್ನು ಕೇಳಿ. ಹೊಸ ಸೊಸೈಟಿಯಲ್ಲಿ ಗಣಪತಿ ಹಬ್ಬದ ಹೊತ್ತಿಗೆ ಎಲ್ಲರ ಪರಿಚಯವಾಗುತ್ತೆ, ಆಮೇಲೆ ಮಕ್ಕಳು ತಾವಾಗಿಯೇ ಬರ್ತಾರೆ. ನನಗೆ ಹೊಲಿಗೆಗೆ ಹಾಗೇ ಬಂದರು.

ಪ್ರಶ್ನೆ: ನಾವು ಠಾಣೆಯಲ್ಲಿ 20 ವರ್ಷ ಇದ್ದು ಈಗ ಬೆಂಗಳೂರಿಗೆ ವಾಪಸ್ ಬರ್ತಿದ್ದೇವೆ. ಮನೆ ನೋಡುವಾಗ ಏನು ಗಮನಿಸಬೇಕು?
– ಒಬ್ಬ ಓದುಗರು, ಠಾಣೆ

ಉತ್ತರ: ಬನ್ನಿ ಸಾರ್, ನಾನೂ 2018ರಲ್ಲಿ ಹೀಗೇ ಬಂದವಳು. ನಿಮಗೆ ಅಲ್ಲಿ ರೂಢಿಯಾದ ಎರಡು ವಿಷಯ ಇಲ್ಲಿ ಸಿಗೋದಿಲ್ಲ, ಅದಕ್ಕೆ ಮನಸ್ಸು ಮಾಡಿಕೊಂಡು ಬನ್ನಿ. ಒಂದು, ಮೀಟರ್ ಹಾಕಿ ತಾನಾಗಿ ಹೊರಡೋ ಆಟೊ. ಇನ್ನೊಂದು, ಇಷ್ಟು ಹೊತ್ತಿಗೆ ಮುಟ್ಟುತ್ತೇನೆ ಅನ್ನೋ ಧೈರ್ಯ. ಹಾಗಾಗಿ ಆಫೀಸಿಗೋ ಮಕ್ಕಳ ಮನೆಗೋ ಎಲ್ಲಿಗೆ ದಿನಾ ಹೋಗಬೇಕೋ ಅದಕ್ಕೆ ಮೆಟ್ರೊ ಇರೋ ಕಡೆಯೇ ಮನೆ ಹುಡುಕಿ. ಸ್ಟೇಷನ್‌ಗೆ ನಡೆದು ಹೋಗೋ ಹಾಗಿರಬೇಕು. ಮೊದಲ ತುಂಡು ಶುರುವಾಗಿದ್ದು 2011ರಲ್ಲಿ. ಈಗ ಬೊಮ್ಮಸಂದ್ರದ ಹಳದಿ ಮಾರ್ಗವೂ ಸೇರಿ ಊರಿನ ಬಹಳಷ್ಟು ಕಡೆಗೆ ಹೋಗಬಹುದು.

ಉಳಿದದ್ದೆಲ್ಲ ನೀರು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಒಣಗಿ, ಟ್ಯಾಂಕರ್‌ಗೆ ಜನ ರಾತ್ರಿಯೆಲ್ಲ ಕಾದದ್ದನ್ನು ನಾನು ಕಣ್ಣಾರೆ ನೋಡಿದ್ದೀನಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ 5ನೇ ಹಂತ ಶುರುವಾಯಿತು, ಹೊರವಲಯದ 110 ಹಳ್ಳಿಗಳಿಗೆಂದು. ಆದರೆ ಬೀದಿಗೆ ಪೈಪು ಬಂದಿದೆ ಅನ್ನೋದು ಬೇರೆ, ನಿಮ್ಮ ಮನೆಗೆ ಕನೆಕ್ಷನ್ ಇದೆ ಅನ್ನೋದು ಬೇರೆ. ನೀರಿನ ಬಿಲ್ಲು ತೋರಿಸಿ ಅಂತ ಓನರ್‌ನ ಕೇಳಿ. ಹಳೇ ಬಾಡಿಗೆದಾರರು ಇನ್ನೂ ಖಾಲಿ ಮಾಡಿಲ್ಲ ಅಂದ್ರೆ ಏಪ್ರಿಲ್‌ನಲ್ಲಿ ಎಷ್ಟು ಟ್ಯಾಂಕರ್ ಹಾಕಿಸಿದ್ರಿ ಅಂತ ಅವರನ್ನೇ ಕೇಳಿ. ಆಮೇಲೆ ಸಂಪಿನ ಮುಚ್ಚಳ ತೆಗೆಸಿ ನೀವೇ ಬಗ್ಗಿ ನೋಡಿ. ಅಡ್ವಾನ್ಸ್ ಮಾತು ಅದಾದ ಮೇಲೆ.